ಅಮ್ಮನ ಕೊನೆಯ ಚುಟ್ಟಾ ಮತ್ತು ನೀಲಿ ಐಸ್‌ಪೆಟ್ಟಿಗೆ

ನಮ್ಮ ಯಜಮಾನರು ಷಡಕ್ಷರಿಯವರು ಮನೆಗೆ ತಂದ ವಸ್ತುಗಳಲ್ಲಿ ಇವತ್ತಿನವರೆಗೆ ತನ್ನ ಕೆಲಸಕ್ಕೆ ತಾನೇ ಒದಗಿದ್ದು ಒಂದೂ ಇಲ್ಲ. ಸೈಕಲ್ಲು ತಂದರು, ಚಕ್ರ ಬಿಚ್ಚಿ ಬಾವಿಗೆ ರಾಟೆ ಮಾಡಿದರು. ಇದ್ದ ರಾಟೆಯನ್ನು ಬಿಚ್ಚಿ ತೊಟ್ಟಿಲಿಗೆ ಹಾಕಿದರು. ತೊಟ್ಟಿಲಲ್ಲಿ ಈಗ ಈರುಳ್ಳಿ ಮಲಗಿದೆ. ಹಾಗಾಗಿ ಒಂದು ಮಧ್ಯಾಹ್ನ ಅವರು ಮದುವೆಮನೆಗಳಲ್ಲಿ ಐಸ್‌ಕ್ರೀಮ್ ಇಡುವಂಥ ದೊಡ್ಡ ನೀಲಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಆಟೋದಿಂದ ಇಳಿಸಿ, "ಇಂದೂ, ಇದು ಚುಟ್ಟಾ ಪೆಟ್ಟಿಗೆ" ಎಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಮುಚ್ಚಳ ತೆಗೆದಾಗ. ಹೊಸ ಬಕೆಟ್ಟು, ಹೊಸ ಚಪ್ಪಲಿ, ಹೊಸ ರೈನ್‌ಕೋಟು ಮೂರನ್ನೂ ಒಟ್ಟಿಗೆ ಬಿಸಿಲಿಗೆ ಹಾಕಿದರೆ ಬರುವ ವಾಸನೆ. ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಆನಂದಬಾಷ್ಪ ಅಂದುಕೊಂಡರು.

ವಾಸನೆ ಬಂದರೆ ಬರಲಿ, ಚುಟ್ಟಾಕ್ಕೇನು ಎನ್ನುವವರು ನಮ್ಮೂರಿನವರಲ್ಲ. ನಮ್ಮಲ್ಲಿ ಸತ್ತವರ ಮಾತು ಇರುವುದೇ ಚುಟ್ಟಾದಲ್ಲಿ. ಅರವತ್ತು ದಾಟಿದವರು ತಂಬಾಕಿನ ಎಲೆಯನ್ನು ತಮ್ಮ ಕೈಯಾರೆ ಸುತ್ತಿ, ತಮ್ಮ ಎಂಜಲಿನಿಂದಲೇ ಅಂಟಿಸಿಟ್ಟು ಹೋಗುತ್ತಾರೆ. ವರ್ಷಕ್ಕೊಮ್ಮೆ, ಅವರು ಹೋದ ದಿನ, ಒಂದನ್ನು ಹಚ್ಚಬೇಕು. ಹೊಗೆ ಏಳುತ್ತದೆ, ಹೊಗೆಯಲ್ಲಿ ಅವರು ಮಾತಾಡುತ್ತಾರೆ, ಚುಟ್ಟಾ ಮುಗಿದರೆ ಮಾತೂ ಮುಗಿಯಿತು. ಎಷ್ಟು ಸುತ್ತಿಟ್ಟಿದ್ದಾರೋ ಅಷ್ಟು ವರ್ಷ. ಬದುಕಿದ್ದಾಗ ನಾಯಿಯೂ ಮಾತಾಡಿಸದ ಮುದುಕರು ನೂರು, ನೂರಿಪ್ಪತ್ತು ಸುತ್ತಿಟ್ಟು ಹೋಗಿ ಮರಿಮೊಮ್ಮಕ್ಕಳ ಪ್ರಾಣ ಹಿಂಡುವುದೂ ಉಂಟು.

ಅದಕ್ಕೇ ನಮ್ಮೂರಲ್ಲಿ ಮಕ್ಕಳನ್ನು ಸಾಕುವುದಕ್ಕಿಂತ ಚುಟ್ಟಾ ಕಾಪಾಡುವುದು ಕಷ್ಟ. ಒಣಗಿದರೆ ಸರಸರನೆ ಉರಿದು, ವರ್ಷದ ಮಾತೆಲ್ಲ ಹರಾಜು ಕೂಗಿದಂತೆ ಎರಡು ನಿಮಿಷಕ್ಕೆ ಮುಗಿಯುತ್ತದೆ. ತೇವ ಹೆಚ್ಚಾದರೆ ಬೂಷ್ಟು ಹಿಡಿದು ಬರೀ ಕೆಮ್ಮು. ಅಕ್ಕಪಕ್ಕದ ವಾಸನೆ ಕುಡಿದರೆ ಮಾತಿಗೂ ಅದೇ ಹತ್ತುತ್ತದೆ. ಮೇಲಿನ ಬೀದಿಯಲ್ಲಿ ಒಬ್ಬರು ಅಜ್ಜನ ಚುಟ್ಟಾವನ್ನು ನುಸಿಗುಳಿಗೆ ಹಾಕಿದ ಬೀರುವಿನಲ್ಲಿ ಇಟ್ಟಿದ್ದರು. ಹೊಲದ ಗಡಿ ಎಲ್ಲಿ ಅಜ್ಜ ಎಂದು ಕೇಳಿದರೆ ಅಜ್ಜ ಅರ್ಧ ಗಂಟೆ ರೇಷ್ಮೆ ಸೀರೆ ಮಡಿಸುವ ಬಗೆ ಹೇಳಿ ಹೊರಟುಹೋದರು.

ಇನ್ನು ನಮ್ಮಮ್ಮ. ಹೆಸರು ಹಾಲಮ್ಮ. ಹಾಲು ಹೆಸರಿನಲ್ಲಿ ಮಾತ್ರ, ನಾಲಿಗೆಯಲ್ಲಿ ಒಣಮೆಣಸಿನಕಾಯಿ. "ಹನ್ನೊಂದು ಸಾಕು, ಆಮೇಲೆ ನಿಮ್ಮ ಮುಸುಡಿ ಯಾರು ನೋಡ್ತಾರೆ" ಎಂದು ಹನ್ನೊಂದೇ ಸುತ್ತಿದಳು. ಕೊನೆಯ ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದಳು. ನೋಡಿಕೊಂಡವಳು ನನ್ನ ಅಕ್ಕ ದಾಕ್ಷಾಯಣಿ. ಅಕ್ಕ ಶಾಲೆಯಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದಳು. ಅಮ್ಮನಿಗಾಗಿ ಕೆಲಸ ಬಿಟ್ಟಳು, ಮದುವೆಯ ಮಾತನ್ನೂ ಬಿಟ್ಟಳು. ನಾನೇನು ಕಡಿಮೆ ಮಾಡಿದೆನೇ? ಹಬ್ಬ ಹಬ್ಬಕ್ಕೂ ಹೋಗುತ್ತಿದ್ದೆ. ಅಷ್ಟು ದೂರ, ಪಕ್ಕದ ಬೀದಿಯಿಂದ. ಒಂದು ಡಬ್ಬಿ ಹೋಳಿಗೆ ಹಿಡಿದುಕೊಂಡು ಹೋಗಿ, ಅಮ್ಮನ ಕಾಲ ಬಳಿ ಐದು ನಿಮಿಷ ಕೂತು, "ಎಷ್ಟು ಸೊರಗಿಬಿಟ್ಯಲ್ಲಮ್ಮ" ಎಂದು ಸೆರಗಿನಲ್ಲಿ ಕಣ್ಣೊತ್ತಿಕೊಂಡು ವಾಪಸ್ಸು ಬರುತ್ತಿದ್ದೆ.

ಫಲ ಸಿಗದೆ ಇರುತ್ತದೆಯೇ? ಹತ್ತು ವರ್ಷ, ಹತ್ತು ಚುಟ್ಟಾ. ಪ್ರತಿ ಸಲ ಹೊಗೆ ಎದ್ದ ಕೂಡಲೇ ಅಮ್ಮ, "ಇಂದೂ ಬಂದ್ಲಾ? ಬಂಗಾರದಂಥ ಮಗಳು. ಊಟ ಮಾಡ್ಕೊಂಡೇ ಹೋಗಮ್ಮ" ಎನ್ನುತ್ತಿದ್ದಳು. ಉಳಿದ ಅರ್ಧ ಗಂಟೆ ಪೂರ್ತಿ ಅಕ್ಕನಿಗೆ. ತಲೆ ಬಾಚುವಾಗ ಕೂದಲು ಕಿತ್ತೆ, ಮಾತ್ರೆ ನುಂಗಿಸುವಾಗ ನೀರು ಕತ್ತಿಗೆ ಚೆಲ್ಲಿದೆ, ಕಿಟಕಿ ತೆಗಿ ಅಂದರೆ ಬಾಗಿಲು ತೆಗೆದೆ, ನೀನು ನಡೆದರೆ ನೆಲ ಅದುರುತ್ತೆ. ಅಕ್ಕ ಪ್ರತಿ ವರ್ಷ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು, ಬೂದಿಯ ತಟ್ಟೆ ತೊಳೆದಿಡುತ್ತಿದ್ದಳು. ಹತ್ತನೆಯ ಸಲ ಮಾತ್ರ ತಟ್ಟೆ ಅವಳ ಕೈಯಿಂದ ಜಾರಿತು. "ಒಂದ್ಸಲ, ಒಂದೇ ಒಂದ್ಸಲ ಪರವಾಗಿಲ್ಲ ಅಂದಿದ್ರೆ ಅವಳ ಗಂಟೇನು ಹೋಗ್ತಿತ್ತೇ ಇಂದೂ?" ಎಂದು ಬಚ್ಚಲಲ್ಲಿ ನಿಂತು ಅತ್ತಳು. ಬಂಗಾರದಂಥ ಮಗಳು ಏನು ತಾನೇ ಹೇಳಿಯಾಳು?

ಉಳಿದದ್ದು ಒಂದು ಚುಟ್ಟಾ. ಅದೇ ವರ್ಷ ಅಮ್ಮನ ಚುಟ್ಟಾ ಇಡುತ್ತಿದ್ದ ದೇವದಾರು ಪೆಟ್ಟಿಗೆಗೆ ಗೆದ್ದಲು ಹತ್ತಿ, ಎತ್ತಿದರೆ ತಳ ನೆಲದಲ್ಲೇ ಉಳಿಯಿತು. ಅಕ್ಕ ಚುಟ್ಟಾವನ್ನು ಒದ್ದೆ ಬಟ್ಟೆ ಸುತ್ತಿ ಹಿತ್ತಾಳೆ ತಂಬಿಗೆಯಲ್ಲಿ ಇಟ್ಟಳು. ಬೆಳಿಗ್ಗೆ ನೋಡಿದರೆ ನೆನೆದಿರುತ್ತಿತ್ತು, ಸಂಜೆಗೆ ಎಲೆ ಬಿರಿಯುತ್ತಿತ್ತು. ಅಮ್ಮನ ದಿನಕ್ಕೆ ಇನ್ನೂ ಎರಡು ತಿಂಗಳು. ಆಗಲೇ ನಮ್ಮ ಯಜಮಾನರ ತಲೆಯಲ್ಲಿ ಐಸ್‌ಪೆಟ್ಟಿಗೆ ಉದಯಿಸಿದ್ದು. ಒಳಗೆ ಮರದ ಪಟ್ಟಿ ಹೊಡೆದರು, ಮೂಲೆಗೆ ಒದ್ದೆ ಸ್ಪಂಜು ಇಟ್ಟರು, ತೇವ ತೋರಿಸುವ ಪುಟ್ಟ ಮೀಟರೊಂದನ್ನು ಅಂಟಿಸಿದರು.

"ನೋಡು, ಅರವತ್ತೆಂಟು. ಇಷ್ಟೇ ಇರ್ಬೇಕು. ಸೂಜಿ ಅಲ್ಲಾಡ್ತಾ ಇಲ್ಲ" ಎಂದರು.

"ವಾಸನೆಗೆ ಮೀಟರು ಇಲ್ವೇನ್ರೀ?"

"ಅದಕ್ಕೆ ನೀನಿದ್ದೀಯಲ್ಲ."

ವಾಸನೆ ಎಂಬುದು ಹೆಂಗಸರ ಕಲ್ಪನೆ ಎಂದು ತೀರ್ಮಾನಿಸಿ ಅವರು ಎದುರುಮನೆಯ ಗುರುಪಾದಪ್ಪನವರನ್ನು ಕರೆದು, ಅವರ ತಂದೆಯ ಚುಟ್ಟಾವನ್ನು ಮೊದಲ ಬೋಣಿ ಎಂದು ಒಳಗಿಡಿಸಿಕೊಂಡರು. ಎಂಟು ದಿನಕ್ಕೆ ಅವರ ತಂದೆ ರುದ್ರಮುನಿಯಪ್ಪನವರ ದಿನ ಬಂತು. ಆ ಮನೆಗೆ ಆ ದಿನ ಅರ್ಧ ಊರೇ ಹೋಗುತ್ತದೆ. ಭಕ್ತಿಯಿಂದಲ್ಲ. ಆ ಮುದುಕನಷ್ಟು ಚೆನ್ನಾಗಿ ಬೈಯುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ, ಸತ್ತ ಮೇಲೂ ಅವರು ಹೇಳಿದ ಬೈಗುಳವನ್ನೇ ಮತ್ತೆ ಹೇಳಿದವರಲ್ಲ. ನಾನೂ ಅಕ್ಕನೂ ಹೋಗಿ ಕೂತೆವು. ಹೊಗೆ ಎದ್ದಿತು. ಎಲ್ಲರೂ ಕಿವಿ ನಿಮಿರಿಸಿದೆವು.

"ಎಲ್ಲರಿಗೂ ನಮಸ್ಕಾರ" ಎಂದಿತು ಹೊಗೆ. "ತಾವೆಲ್ಲರೂ ಆರೋಗ್ಯದಿಂದ ಇದ್ದೀರೆಂದು ನಂಬಿದ್ದೇನೆ. ಈ ಮನೆಯ ಪ್ರತಿಯೊಬ್ಬರೂ ನನಗೆ ಸಮಾನವಾಗಿ ಪ್ರಿಯರು. ಮಗನೇ, ನಿನ್ನ ಬಗ್ಗೆ ನನಗೆ ತುಂಬ ಹೆಮ್ಮೆಯಿದೆ."

ಐವತ್ತು ವರ್ಷ 'ಬೇವಾರ್ಸಿ' ಎಂಬ ಒಂದೇ ಹೆಸರಿಗೆ ಓಗೊಟ್ಟು ಬೆಳೆದಿದ್ದ ಗುರುಪಾದಪ್ಪ, ಹಿಂದೆ ಇನ್ಯಾರಾದರೂ ಮಗ ಕೂತಿದ್ದಾನೋ ಎಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ. ಗೊಳೋ ಎಂದು ಅತ್ತರು. ಸೊಸೆಗೆ 'ಮನೆಯ ದೀಪ' ಎಂಬ ಬಿರುದು ಬಂತು. ಕೊನೆಗೆ ಮುದುಕ ಎಲ್ಲರ ಸಹಕಾರಕ್ಕೂ ಧನ್ಯವಾದ ಹೇಳಿ ಆರಿಹೋದ. ಅಕ್ಕ ಮೂಗು ಅರಳಿಸಿ ನನ್ನ ತೊಡೆ ಚಿವುಟಿದಳು.

"ಇದು ನಿಮ್ಮನೆ ಡಬ್ಬದ ವಾಸನೆ ಅಲ್ವೇನೇ?"

"ಹೂಂ ಕಣಕ್ಕ."

"ಅಮ್ಮನ ಚುಟ್ಟಾ ಅದ್ರೊಳಗೆ ಇಡ್ಬೇಕಾದ್ರೆ ಈ ವಾಸನೆ ಪೂರ್ತಿ ಹೋಗ್ಬೇಕು. ಒಂದು ಚೂರು ಇದ್ರೂ ನಾನಿಡಲ್ಲ, ಹೇಳಿದೀನಿ."

ಅಲ್ಲಿಂದ ಶುರುವಾಯಿತು ನನ್ನ ಕರ್ಮ. ಮೊದಲು ಸೋಪಿನ ಪುಡಿ ಹಾಕಿ ತಿಕ್ಕಿದೆ. ಪ್ಲಾಸ್ಟಿಕ್ಕಿಗೆ ಸ್ನಾನ ಮಾಡಿಸಿದಂತಾಯಿತು, ಇನ್ನೂ ಲವಲವಿಕೆಯಿಂದ ನಾತ ಹೊಡೆಯಿತು. ನಮ್ಮ ಯಜಮಾನರು ಕುದಿಯುವ ನೀರು ಸುರಿದರು, ಮುಚ್ಚಳ ಸೊಟ್ಟಗಾಯಿತು. ಅದನ್ನು ನೆಟ್ಟಗೆ ಮಾಡಲು ಮೇಲೆ ರುಬ್ಬುಗುಂಡು ಹೇರಿದರು. ಅಡುಗೆ ಸೋಡಾ ಉದುರಿಸಿ ಎರಡು ದಿನ ಬಿಟ್ಟೆ. ನಿಂಬೆ ಸಿಪ್ಪೆ ತುಂಬಿದೆ. ಯಾರೋ ಕಾಫಿಪುಡಿ ಎಂದರು, ಒಳ್ಳೆಯ ಕಾಫಿಪುಡಿ ಅರ್ಧ ಕೆಜಿ ಸುರಿದೆ. ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟ ಛತ್ರದ ಕಾಫಿಯ ವಾಸನೆ ಬಂತು. ಹಳೆಯ ಪತ್ರಿಕೆ ಮುದ್ದೆ ಮಾಡಿ ತುರುಕಿ ಎಂದರು ಇನ್ನೊಬ್ಬರು. ಅದನ್ನೂ ಮಾಡಿ, ಪರೀಕ್ಷೆಗೆಂದು ನಮ್ಮ ಮಾವನವರ ಚುಟ್ಟಾ ಒಂದನ್ನು ಇಟ್ಟು, ಅವರ ದಿನವಲ್ಲದಿದ್ದರೂ ಹಚ್ಚಿದೆವು. ಅವರದ್ದು ಇನ್ನೂ ಎಪ್ಪತ್ತು ಚಿಲ್ಲರೆ ಇವೆ, ನಷ್ಟವಿಲ್ಲ. ಮಾವನವರು ರಸ್ತೆ ಅಗಲೀಕರಣಕ್ಕೆ ತಮ್ಮ ಸಂಪೂರ್ಣ ಬೆಂಬಲ ಘೋಷಿಸಿ, ಕೊನೆಯಲ್ಲಿ, "ಸೊಸೆಯವರ ಕೈರುಚಿ ಅಮೋಘ" ಎಂದರು. ಇಪ್ಪತ್ತು ವರ್ಷ ನನ್ನ ಸಾರನ್ನು 'ಕೈ ತೊಳೆದ ನೀರು' ಎನ್ನುತ್ತಿದ್ದ ಮನುಷ್ಯ. ಸುಳ್ಳೇಕೆ ಹೇಳಲಿ, ಕೇಳುವುದಕ್ಕೆ ಹಿತವಾಗಿಯೇ ಇತ್ತು.

ಹಿತವಾದದ್ದು ನನಗೊಬ್ಬಳಿಗೇ ಅಲ್ಲ ಎಂದು ಬೇಗ ಗೊತ್ತಾಯಿತು. ಗುರುಪಾದಪ್ಪ ಊರೆಲ್ಲ ಸಾರಿಕೊಂಡು ಬಂದಿದ್ದರು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯಿಂದ ಮೂಲೆಯ ಹೋಟೆಲಿನವರೆಗೆ ಜನ, ಎಲ್ಲರ ಕಂಕುಳಲ್ಲೂ ಅವರವರ ಅಪ್ಪ, ಅವ್ವ, ಅಜ್ಜಿ. ಅಪ್ಪನಿಂದ ಶಭಾಷ್ ಅನ್ನಿಸಿಕೊಳ್ಳಬೇಕಾದವರು, ಅತ್ತೆಯಿಂದ ಕ್ಷಮೆ ಕೇಳಿಸಿಕೊಳ್ಳಬೇಕಾದವರು. ಎಂಟು ದಿನ ಇಟ್ಟುಕೊಳ್ಳಿ ಸಾಕು, ಆ ವಾಸನೆ ಹತ್ತಿಸಿ ಕೊಡಿ ಎಂದು ಗೋಗರೆದರು. ನಮ್ಮ ಯಜಮಾನರು ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಮದುವೆಯ ದಿನವೂ ಅವರು ಅಷ್ಟು ಬೆಳಗಿರಲಿಲ್ಲ.

"ಅಮ್ಮಾವ್ರೇ, ತೊಳೆದೂ ತೊಳೆದೂ ಅದರ ಗುಣ ಕೆಡಿಸ್ತಾ ಇದ್ದೀರಂತೆ" ಎಂದರು ಗುರುಪಾದಪ್ಪ ಕೈ ಮುಗಿದು. "ಊರಿನ ಹಿತಕ್ಕೋಸ್ಕರ ಹಂಗೇ ಬಿಡಿ. ಸತ್ತೋರು ಒಳ್ಳೇ ಮಾತಾಡಿದ್ರೆ ಇದ್ದೋರು ನೆಮ್ಮದಿಯಾಗಿರ್ತೀವಿ."

"ಅದು ನಿಮ್ಮಪ್ಪ ಆಡಿದ ಮಾತು ಅಂತ ನಂಬ್ತೀರಾ ಗುರುಪಾದಪ್ಪನವ್ರೇ?"

"ನಂಬೋದು ಬಿಡೋದು ಆಮೇಲಿಂದು. ಕಿವಿಗೆ ಬಿತ್ತಲ್ಲ."

ಆ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು. ಅಕ್ಕನಿಗೆ ಬೇಕಾದದ್ದೂ ಒಂದೇ ಒಂದು ಒಳ್ಳೆಯ ಮಾತು. ವಾಸನೆ ತೆಗೆದು, ಅಮ್ಮನನ್ನು ಅಮ್ಮನಾಗಿಯೇ ಕರೆಸಿದರೆ ಏನಾಗುತ್ತದೆಂದು ಹತ್ತು ವರ್ಷದಿಂದ ನೋಡಿದ್ದೇವೆ. ಹನ್ನೊಂದನೆಯದಾದ ಮೇಲೆ ಅವಳಿಗೆ ಉಳಿಯುವುದು ಬರೀ ಬೈಗುಳ. ಅದೇ ವಾಸನೆಯ ಡಬ್ಬದಲ್ಲಿಟ್ಟರೆ ಅಮ್ಮ 'ದಾಕ್ಷಾಯಣಿ, ನಿನ್ನ ಸೇವೆಗೆ ನಾನು ಋಣಿ' ಎಂದಾಳು. ಋಣಿ ಎಂಬ ಪದ ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ, ಡಬ್ಬಕ್ಕೆ ಗೊತ್ತಿತ್ತು. ನಾನು ಅಕ್ಕನ ಮನೆಗೆ ಹೋಗಿ, ಬಳಸಿ ಬಳಸಿ ವಿಷಯ ಹೇಳಿದೆ.

ಅಕ್ಕ ತಂಬಿಗೆಯಿಂದ ಚುಟ್ಟಾ ತೆಗೆದು, ಬಿರಿದ ಎಲೆಯನ್ನು ಹೆಬ್ಬೆರಳಿನಿಂದ ಸವರಿದಳು. ಆಸೆಯಾಗಿತ್ತು ಅವಳಿಗೆ. ಅವಳ ಮುಖ ನನಗೆ ಗೊತ್ತಿಲ್ಲವೇ?

"ಒಳ್ಳೇ ಮಾತು ಬೇಕು ಕಣೇ, ಬೇಡ ಅನ್ನಲ್ಲ" ಎಂದಳು. "ಆದ್ರೆ ಅಮ್ಮನ ಬಾಯಿಂದ ಬೇಕು. ಡಬ್ಬದ ಬಾಯಿಂದ ತಗೊಂಡು ಏನು ಮಾಡ್ಲಿ? ಒಂಬತ್ತು ವರ್ಷ ನಾನು ಡಬ್ಬನ ನೋಡ್ಕೊಂಡಿಲ್ಲ."

"ಬೈದ್ರೆ?"

"ಬೈದ್ರೆ ಬೈಸ್ಕೊತೀನಿ. ಕೊನೇ ಸಲ ಕೇಳಿಸ್ಕೊಳ್ಳೋದು ಅವಳ ಗಂಟಲೇ ಆಗಿರ್ಲಿ. ಎಲ್ಲಿ, ಆ ಡಬ್ಬ ಇಲ್ಲಿಗೆ ಕಳಿಸು. ಏನೇನು ಹಾಕಿದೀಯ ಅದಕ್ಕೆ?"

ಹೇಳಿದೆ. ಕಾಫಿಪುಡಿಗೆ ಬರುವಷ್ಟರಲ್ಲಿ ಅವಳು ಹಣೆ ಚಚ್ಚಿಕೊಂಡಳು.

"ಒಂದು ವಾಸನೆ ಮೇಲೆ ಇನ್ನೊಂದು ವಾಸನೆ ಹೇರ್ತೀರಲ್ಲೇ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ! ಅಮ್ಮನ ಹಾಸಿಗೆ ಕೆಳಗೆ ಒಂಬತ್ತು ವರ್ಷ ರಬ್ಬರ್ ಶೀಟ್ ಇತ್ತು. ಒಂದು ದಿನ ಆದ್ರೂ ಆ ಮನೇಲಿ ವಾಸನೆ ಬಂದಿತ್ತಾ ನಿಂಗೆ?"

ಬಂದಿರಲಿಲ್ಲ. ಬರದೇ ಇರುವುದಕ್ಕೆ ಯಾರೋ ಏನೋ ಮಾಡುತ್ತಿರಬೇಕು ಎಂದು ನನಗೆ ಅನ್ನಿಸಿಯೂ ಇರಲಿಲ್ಲ. ಹೂವಿನ ವಾಸನೆ ಬಂದರೆ ಕೇಳುತ್ತೇವೆ, ಏನೂ ಬರದಿದ್ದರೆ ಯಾರು ಕೇಳುತ್ತಾರೆ? ನಾನು ಹೋಳಿಗೆ ಡಬ್ಬಿ ಇಟ್ಟು ಬರುವವಳು.

ಅಕ್ಕ ಮಾಡಿದ್ದರಲ್ಲಿ ಮಂತ್ರವೇನೂ ಇರಲಿಲ್ಲ, ನೋಡುವವರಿಗೆ ಬೇಸರ ಬರುವಂಥ ಕೆಲಸ. ಬೆಳಿಗ್ಗೆ ಹುಳಿ ಮಜ್ಜಿಗೆ ಬಳಿದು ಬಿಡುವುದು, ಜರಡಿ ಹಿಡಿದ ಬೂದಿಯಿಂದ ಮೂಲೆಮೂಲೆ ಉಜ್ಜುವುದು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಮುಚ್ಚಳ ತೆರೆದು ಗಾಳಿಗಿಡುವುದು. ಬಿಸಿಲು ಸರಿದಂತೆ ಡಬ್ಬವನ್ನೂ ಸರಿಸುವುದು. ರಾತ್ರಿಗೆ ಒಳಗೆ ಇದ್ದಿಲು. ಮತ್ತೆ ಬೆಳಿಗ್ಗೆ ಮೊದಲಿಂದ. ಇಪ್ಪತ್ತಾರು ದಿನ ಒಂದು ದಿನವೂ ತಪ್ಪಿಸಲಿಲ್ಲ. ಈ ಕಡೆ ನಮ್ಮ ಜಗಲಿಯ ಸಾಲು ಅವಳ ಮನೆಯ ಮುಂದಕ್ಕೆ ಹೋಗಿ ನಿಂತು, ಹೋಗುತ್ತಿರುವ ವಾಸನೆಗಾಗಿ ಕೈಕೈ ಹೊಸೆದುಕೊಂಡಿತು. ಬುದ್ಧಿವಂತರು ಚುಟ್ಟಾಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹೊಸ ಬಕೆಟ್ಟಿನೊಳಗೆ ಇಡತೊಡಗಿದರು. ಈಗ ನಮ್ಮೂರಲ್ಲಿ ಯಾರ ಅಪ್ಪನೂ ಯಾರನ್ನೂ ಬೈಯುವುದಿಲ್ಲ, ಎಲ್ಲರ ಅಪ್ಪಂದಿರೂ ಒಂದೇ ದನಿಯಲ್ಲಿ ಎಲ್ಲರ ಆರೋಗ್ಯ ವಿಚಾರಿಸುತ್ತಾರೆ, ಊರು ನೆಮ್ಮದಿಯಾಗಿದೆ.

ಇಪ್ಪತ್ತೇಳನೆಯ ದಿನ ಅಕ್ಕ ನನ್ನ ತಲೆ ಹಿಡಿದು ಡಬ್ಬದೊಳಗೆ ತೂರಿಸಿದಳು. "ಏನ್ ಬರುತ್ತೆ?"

"ಏನೂ ಬರಲ್ಲ ಅಕ್ಕ."

"ಹಂಗಾದ್ರೆ ಸರಿ" ಎಂದು ಚುಟ್ಟಾ ಒಳಗಿಟ್ಟಳು.

ಅಮ್ಮನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸೇರಿದೆವು. ಬೈಗುಳ ಕೇಳಲು ಈಗ ಯಾರಿಗೂ ಪುರುಸೊತ್ತಿಲ್ಲವಾದ್ದರಿಂದ ನಾವು ಮೂವರೇ. ಸೇದುವ ಕೆಲಸ ನಮ್ಮ ಯಜಮಾನರದ್ದು. ಸೇದುವವರಿಗೆ ಮಾತು ಕೇಳಿಸುವುದಿಲ್ಲ. ಅಳಿಯಂದಿರನ್ನು ದೇವರು ಸೃಷ್ಟಿಸಿರುವುದೇ ಅದಕ್ಕೆ. ಚುಟ್ಟಾ ಹದವಾಗಿ ಹತ್ತಿಕೊಂಡಿತು. ಹೊಗೆ ಎದ್ದು ಮಂಚದ ಎತ್ತರಕ್ಕೆ ಬಂದು ನಿಂತಿತು.

"ಇಂದೂ ಬಂದ್ಲಾ? ಬಂಗಾರದಂಥ ಮಗಳು. ಊಟ ಮಾಡ್ಕೊಂಡೇ ಹೋಗಮ್ಮ" ಎಂದಳು ಅಮ್ಮ. ಸಾಕ್ಷಾತ್ ಅಮ್ಮ, ಅದೇ ಗೊರಗೊರ ಗಂಟಲು. ಆಮೇಲೆ ಅಕ್ಕನ ಕಡೆ ತಿರುಗಿದಳು. ಉಗುರು ಕತ್ತರಿಸಿದ್ದು, ಗಂಜಿ ಆರಿಸದೆ ಕೊಟ್ಟದ್ದು, ಕಾಲುನೋವೆಂದರೆ ಬೆನ್ನು ಒತ್ತಿದ್ದು. ಒಂದೊಂದಕ್ಕೂ ವಾರ, ಹೊತ್ತು ಎಲ್ಲ ನೆನಪಿತ್ತು ಅವಳಿಗೆ. ಅಕ್ಕ ಮೊದಲು ತಲೆ ತಗ್ಗಿಸಿ ಕೂತಿದ್ದವಳು ನಡುವೆ ಬಾಯಿ ತೆರೆದಳು. "ಗುರುವಾರ ಅಲ್ಲ, ಶುಕ್ರವಾರ" ಎಂದಳು. "ಗುರುವಾರ ಕಣೇ, ಅವತ್ತು ಹಾಲು ಒಡೆದಿತ್ತು" ಎಂದಳು ಅಮ್ಮ. ಅವರಿಬ್ಬರ ಮಧ್ಯೆ ನಾನು ಸುಮ್ಮನೆ ಕೂತಿದ್ದೆ. ನನ್ನ ಬಗ್ಗೆ ಅವಳಿಗೆ ಜಗಳವಾಡುವುದಕ್ಕೂ ಏನೂ ಇರಲಿಲ್ಲ. ನೆಂಟರನ್ನು ಯಾರು ಬೈಯುತ್ತಾರೆ? ಆಗ ನನ್ನ ಹೊಟ್ಟೆ ಉರಿಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಬೈಗುಳ ನೋಡಿ ಹೊಟ್ಟೆ ಉರಿಯಿತು.

ಚುಟ್ಟಾ ಒಂದು ಬೆರಳಿನಷ್ಟು ಉಳಿದಿತ್ತು. ಅಮ್ಮನ ದನಿ ನರಳಿತು. "ಬೆನ್ನು ಉರೀತಿದೆ. ಒಂಚೂರು ಹೊರಳಿಸ್ರೇ."

ಹತ್ತು ವರ್ಷದಲ್ಲಿ ಅಮ್ಮ ಹೊಗೆಯಿಂದ ಹೀಗೆ ಕೇಳಿದ್ದಿಲ್ಲ. ನಾನು ಹತ್ತಿರ ಇದ್ದೆ. ದಡಬಡಿಸಿ ಎದ್ದು ಎರಡೂ ಕೈ ಚಾಚಿದೆ. ಹೊಗೆ ನನ್ನ ಬೆರಳ ಸಂದಿಯಲ್ಲಿ ಹರಿದು ಚದುರಿಹೋಯಿತು.

"ಅಯ್ಯೋ, ನೀನು ಬಿಡಮ್ಮ, ನಿಂಗೆ ಗೊತ್ತಾಗಲ್ಲ" ಎಂದಳು ಅಮ್ಮ, ತುಂಬ ಮರ್ಯಾದೆಯಿಂದ. "ದಾಕ್ಷೀ, ಎಲ್ಲಿ ಸತ್ತೆ?"

"ಇಲ್ಲೇ ಇದೀನಮ್ಮ, ಬಂದೆ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಂಡಿಯೂರಿ ಒಂದು ಕೈಯನ್ನು ಹೊಗೆಯ ಕೆಳಗೆ, ಹೆಗಲು ಇರಬೇಕಾದ ಕಡೆ ತೂರಿಸಿದಳು. ಇನ್ನೊಂದನ್ನು ಸೊಂಟದ ಕಡೆ. ತನ್ನ ಮೈಯನ್ನೇ ಸ್ವಲ್ಪ ಹಿಂದಕ್ಕೆ ವಾಲಿಸಿ, ಉಸಿರು ಹಿಡಿದು, ಮೆತ್ತಗೆ ತನ್ನ ಕಡೆಗೆ ಎಳೆದುಕೊಂಡಳು. ಹೊಗೆ ಚದುರಲಿಲ್ಲ. ಪೂರ್ತಿ ಒಂದೇ ಮೈಯಾಗಿ, ಗೋಡೆಯ ಕಡೆಯಿಂದ ಅವಳ ಕಡೆಗೆ ಹೊರಳಿತು. ಅವಳು ಬೆನ್ನ ಹಿಂದೆ ದಿಂಬು ಒತ್ತಿದಂತೆ ಅಂಗೈಯಿಂದ ಒತ್ತಿದಳು.

"ಹಾಂ" ಎಂದಳು ಅಮ್ಮ. ಉದ್ದಕ್ಕೆ ಉಸಿರು ಬಿಟ್ಟಳು. "ಈಗ ಸರಿಯಾಯ್ತು."

ಬೂದಿ ತಟ್ಟೆಗೆ ಬಿತ್ತು. ಅಕ್ಕನ ಕೈಗಳು ಹಾಗೆಯೇ ಗಾಳಿಯಲ್ಲಿ ಭಾರ ಹಿಡಿದುಕೊಂಡಿದ್ದವು. ನಾನು ಅಳುತ್ತಿದ್ದೆ, ಈ ಸಲ ಸೆರಗು ಹುಡುಕುವಷ್ಟು ಪುರುಸೊತ್ತಿರಲಿಲ್ಲ. ನಮ್ಮ ಯಜಮಾನರು ತುಟಿ ಸುಟ್ಟುಕೊಂಡು, ಮೋಟು ಚುಟ್ಟಾ ಕೆಳಗಿಟ್ಟು, ನಮ್ಮಿಬ್ಬರ ಮುಖ ನೋಡಿದರು.

"ಏನತ್ತಿಗೆ, ಅತ್ತೆ ಏನಾದ್ರೂ ಒಳ್ಳೇದು ಹೇಳಿದ್ರಾ?"

"ಹೂಂ" ಎಂದಳು ಅಕ್ಕ, ಕೈ ಇಳಿಸದೆಯೇ. "ಹೇಳಿದ್ರು."